ಇಲ್ಲೇ ವಾಸವಿರುವ ಒಬ್ಬ ಡೈರೆಕ್ಟರು

…ಅಲ್ಲ ಭಾವ, ಆ ಕುರ್ಚಿ ಬೇಡ, ಅದರದ್ದು ಒಂದು ಕಾಲು ಸಡಿಲ. ಈ ಕಡೆ ಬನ್ನಿ. ಇದು ಕಕ್ಷಿದಾರರು ಕೂರೋ ಕುರ್ಚಿ, ಗಟ್ಟಿಯಾಗಿದೆ. ಹಾಂ, ಈಗ ಸರಿ. ಎಲ್ಲರೂ ಊಟಕ್ಕೆ ಹೋಗಿದ್ದಾರೆ, ಇನ್ನು ಮುಕ್ಕಾಲು ಗಂಟೆ ಯಾರೂ ಬರಲ್ಲ. ದೊಡ್ಡ ವಕೀಲರು ಒಳಗಿದ್ದಾರೆ, ಆದ್ರೆ ಊಟ ಆದ ಮೇಲೆ ಅವರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಯೋಚನೆ ಮಾಡ್ತಾರೆ. ಗೊರಕೆ ಕೇಳಿಸಿದ್ರೆ ಅದು ಯೋಚನೇದೇ. ಬಾಗಿಲು ಹಾಕ್ಲಾ? ಬೇಡ್ವಾ? ಸರಿ, ತೆಗೆದೇ ಇರಲಿ. ನಾನು ಸ್ವಲ್ಪ ಮೆಲ್ಲಗೆ ಮಾತಾಡ್ತೀನಿ, ಅಷ್ಟೇ.

ನೋಂದಣಿ ಕಚೇರಿಯಿಂದ ನಿಮಗೆ ಬಂದ ಈ ಕಾಗದ ಇನ್ನೊಂದು ಸಲ ಓದ್ತೀನಿ ಕೇಳಿ. ‘ಅರ್ಜಿದಾರರು ಈಗಾಗಲೇ ಮತ್ತೊಂದು ಕಂಪನಿಯ ನಿರ್ದೇಶಕರಾಗಿದ್ದು, ಸದರಿ ಕಂಪನಿಯು ಸತತ ಮೂರು ವರ್ಷ ವಾರ್ಷಿಕ ವರದಿ ಸಲ್ಲಿಸದ ಕಾರಣ, ಅರ್ಜಿದಾರರು ಐದು ವರ್ಷಗಳ ಕಾಲ ಯಾವುದೇ ಕಂಪನಿಯ ನಿರ್ದೇಶಕರಾಗಲು ಅನರ್ಹರು.’ ಅರ್ಜಿದಾರರು ಅಂದ್ರೆ ನೀವು. ನಿರ್ದೇಶಕರು ಅಂದ್ರೆ ಡೈರೆಕ್ಟರು. ಅನರ್ಹರು ಅಂದ್ರೆ… ಗೊತ್ತಾಯ್ತು ಅಂತೀರಾ? ಹಾಂ, ಗೊತ್ತಾಗಿದ್ದಕ್ಕೇ ಅಲ್ವಾ ಅಂಗಡಿ ಮುಚ್ಚಿ ಬಂದಿದ್ದು. ತಪ್ಪು ತಿಳೀಬೇಡಿ ಭಾವ, ಬಿಡಿಸಿ ಹೇಳೋದು ನನಗೆ ಚಾಳಿಯಾಗಿ ಹೋಗಿದೆ. ಇಪ್ಪತ್ತು ವರ್ಷದಿಂದ ಇದೇ ಮೇಜಿನ ಹಿಂದೆ ಕೂತು ಹೊರದೇಶದಿಂದ ಕಂಪನಿ ತೆರೆಯೋಕೆ ಬರೋರಿಗೆ ನಮ್ಮ ಕಾನೂನು ಬಿಡಿಸಿ ಬಿಡಿಸಿ ಹೇಳಿದ್ದೀನಿ. ಈಗ ಮನೇಲಿ ಉಪ್ಪಿನ ಡಬ್ಬಿ ಎಲ್ಲಿ ಅಂತ ಕೇಳಿದ್ರೂ ಉಪ್ಪು ಅಂದ್ರೆ ಏನು ಅನ್ನೋದರಿಂದ ಶುರು ಮಾಡ್ತೀನಂತೆ. ನನ್ನ ಹೆಂಡತಿ ಹೇಳ್ತಾಳೆ.

ನಗು ಬರಲಿಲ್ವಾ? ಇರಲಿ.

ಇದರಿಂದ ನಿಮಗೆ ಏನು ನಷ್ಟ ಅಂತ ನನಗೆ ಗೊತ್ತಿಲ್ಲ ಅಂದುಕೋಬೇಡಿ. ಬೆಳಿಗ್ಗೆ ಅಕ್ಕ ಫೋನ್ ಮಾಡಿ ಎಲ್ಲ ಹೇಳಿದಳು. ತಕ್ಕಡಿ ಕಂಪನಿಯವರು ನಾಡಿದ್ದು ವಿಮಾನದಲ್ಲಿ ಇಳೀತಾರೆ. ಇಪ್ಪತ್ತಾರು ವರ್ಷ ನೀವು ಆ ಮೂಲೆ ಅಂಗಡೀಲಿ ಕೂತು ಅವರ ತಕ್ಕಡಿ ರಿಪೇರಿ ಮಾಡಿದ್ರಿ, ಅವರಿಗೆ ನೀವು ಯಾರು ಅಂತಾನೂ ಗೊತ್ತಿರಲಿಲ್ಲ. ಆಮೇಲೆ ಅವರ ಇಂಜಿನಿಯರು ಯಾವುದೋ ದೂರು ಅಂತ ಬಂದು, ನೀವು ಕೂರಿಸಿದ ಮುಳ್ಳು ನೋಡಿ, ‘ಇದು ನಮ್ಮ ಕಾರ್ಖಾನೆಗಿಂತ ನೆಟ್ಟಗಿದೆ’ ಅಂದನಂತೆ. ಈಗ ನಿಮ್ಮನ್ನೇ ಪಾಲುದಾರರಾಗಿ ಮಾಡಿಕೊಂಡು ಇಲ್ಲಿ ಕಂಪನಿ ತೆರೀತಾರೆ. ಅವರದ್ದು ಒಬ್ಬ ಡೈರೆಕ್ಟರು, ಇಲ್ಲಿಂದ ನೀವೊಬ್ಬರು. ನಿಮ್ಮ ಹೆಸರು ನೋಂದಣಿ ಆಗದಿದ್ರೆ ಎದುರು ರಸ್ತೆಯ ಡೀಲರಿಗೆ ಕೊಟ್ಟು ಹೋಗ್ತಾರೆ. ಆ ಡೀಲರಿಗೆ ತಕ್ಕಡಿಗೆ ಎಷ್ಟು ತಟ್ಟೆ ಅಂತಾನೂ ಗೊತ್ತಿಲ್ಲ. ಎಲ್ಲ ಗೊತ್ತು ಭಾವ. ಬೋರ್ಡು ಬರೆಸಿ ಆಗಿದೆಯಂತೆ, ಬಣ್ಣ ಇನ್ನೂ ಹಸಿ ಅಂತೆ.

ಸರಿ, ವಿಷಯಕ್ಕೆ ಬರ್ತೀನಿ.

ಮೊದಲನೇದಾಗಿ, ಇದು ಹೆಸರಿನ ಗೊಂದಲ ಇರಬಹುದು. ಆಗುತ್ತೆ ಹಾಗೆ. ಒಂದೇ ಹೆಸರಿನವರು ಇಬ್ಬರಿರ್ತಾರೆ, ನೋಂದಣಿ ಕಚೇರಿಯವರು ಇವರ ಟೋಪಿ ಅವರಿಗೆ ಹಾಕಿಬಿಡ್ತಾರೆ. ಏನು? ಕೆಳಗೆ ನೋಡಬೇಕಾ? ಹಾಂ, ಅಪ್ಪನ ಹೆಸರೂ ಒಂದೇ ಇದೆ. ಹುಟ್ಟಿದ ತಾರೀಕೂ… ಒಂದೇ. ಮನೆ ನಂಬರೂ… ಆ ಇನ್ನೊಬ್ಬ ನಿಮ್ಮ ಮನೇಲೇ ಇದ್ದಾನೆ ಅಂತ ಆಯ್ತು. ಹಾಗಿರೋಕೆ ಸಾಧ್ಯ ಇಲ್ಲ, ಇದ್ದಿದ್ರೆ ಅಕ್ಕನ ಕಣ್ಣಿಗೆ ಬೀಳ್ತಿದ್ದ. ಸರಿ, ಗೊಂದಲ ಅಲ್ಲ.

ಹಾಗೆ ನೋಡಬೇಡಿ ಭಾವ. ಹೇಳ್ತೀನಿ. ಹೇಳ್ತೀನಿ ಅಂದ್ನಲ್ಲ.

ಹನ್ನೊಂದು ವರ್ಷದ ಹಿಂದಿನ ಮಾತು. ಹೊರದೇಶದಿಂದ ಒಬ್ಬ ಬಂದಿದ್ದ, ಕಿವಿ ಕೇಳದೋರಿಗೆ ಕಿವಿಗೆ ಸಿಕ್ಕಿಸೋ ಮಿಷನ್ ಮಾಡೋನು. ಉದ್ದನೆ ಮನುಷ್ಯ, ಈ ಬಾಗಿಲಲ್ಲಿ ಬಗ್ಗಿಕೊಂಡೇ ಬರ್ತಿದ್ದ, ಅದಕ್ಕೆ ನಾವೆಲ್ಲ ಅವನನ್ನ ಏಣಿ ಅಂತ ಕರೀತಿದ್ವಿ. ಒಳ್ಳೆಯವನು. ಎಲ್ಲ ಕಾಗದ ತಯಾರು. ಮಾರನೇ ದಿನ ಅವನ ವಿಮಾನ. ಆದ್ರೆ ಒಂದು ನಿಯಮ ಇದೆ ಭಾವ, ಅದನ್ನ ನಾನು ಬಿಡಿಸಿ ಹೇಳಲೇಬೇಕು. ಹೊರಗಿನವರು ಇಲ್ಲಿ ಕಂಪನಿ ತೆರೀಬೇಕಾದ್ರೆ ಡೈರೆಕ್ಟರುಗಳಲ್ಲಿ ಒಬ್ಬರಾದ್ರೂ ಇಲ್ಲೇ ವಾಸ ಇರೋರು ಆಗಿರಬೇಕು. ಯಾಕೆ ಅಂದ್ರೆ, ನಾಳೆ ಏನಾದ್ರೂ ಎಡವಟ್ಟಾದ್ರೆ ಹಿಡ್ಕೊಳ್ಳೋಕೆ ಒಬ್ಬರು ಕೈಗೆ ಸಿಗಬೇಕಲ್ಲ, ಅದಕ್ಕೆ.

ಯಾಕೆ ಹಾಗೆ ಉಸಿರು ಬಿಟ್ರಿ? ಕಾನೂನು ಹಾಗಿದೆ ಅಂದೆ ಅಷ್ಟೇ.

ಸಾಮಾನ್ಯವಾಗಿ ಆ ಜಾಗಕ್ಕೆ ನಮ್ಮ ದೊಡ್ಡ ವಕೀಲರೇ ನಿಲ್ತಿದ್ರು. ಆದ್ರೆ ಒಬ್ಬರು ಇಷ್ಟೇ ಕಂಪನೀಲಿ ಇರಬಹುದು ಅಂತ ಒಂದು ಮಿತಿ ಇದೆ, ಅವರದ್ದು ತುಂಬಿಹೋಗಿತ್ತು. ನನ್ನಂಥ ಗುಮಾಸ್ತರು ನಿಲ್ಲಬಾರದು ಅಂತ ಆಫೀಸಿನ ಕಟ್ಟಳೆ. ‘ಸಂಜೆಯೊಳಗೆ ಯಾರನ್ನಾದ್ರೂ ಹುಡುಕಯ್ಯ’ ಅಂತ ನನಗೆ ಹೇಳಿ ಅವರು ಯೋಚನೆ ಮಾಡೋಕೆ ಒಳಗೆ ಹೋದ್ರು. ನಾನು ಎಲ್ಲಿಂದ ಹುಡುಕಲಿ? ಡ್ರಾಯರ್ ತೆಗೆದೆ. ಡ್ರಾಯರಲ್ಲಿ ನೀವಿದ್ರಿ.

ಅಂದ್ರೆ ನಿಮ್ಮ ಕಾಗದ ಪತ್ರ ಇತ್ತು. ಅಂಗಡಿಗೆ ಫೋನ್ ಹಾಕಿಸ್ಕೊಡು ಅಂತ ಗುರುತಿನ ಚೀಟಿ, ಫೋಟೋ, ಮನೆ ವಿಳಾಸದ ನಕಲು ಎಲ್ಲ ಕೊಟ್ಟಿದ್ರಲ್ಲ, ಅದು. ಫೋಟೋದಲ್ಲಿ ನೀವು ಬಹಳ ನಂಬಿಕಸ್ಥರ ಹಾಗೆ ಕಾಣ್ತಿದ್ರಿ. ಒಂದೇ ವಾರ ಅಂದುಕೊಂಡೆ. ಏಣಿ ವಾಪಸ್ ಹೋಗಿ ಇನ್ನೊಬ್ಬರನ್ನ ಗೊತ್ತು ಮಾಡ್ತಾನೆ, ಆಗ ನಿಮ್ಮ ಹೆಸರು ತೆಗೆದು ಅವರದ್ದು ಹಾಕೋದು. ಒಂದೇ ವಾರ ಭಾವ. ಅದೇನು ಆಯ್ತು ಅಂದ್ರೆ, ಯಾರೂ ಕೇಳಲೇ ಇಲ್ಲ. ಕೇಳದೆ ಇದ್ದಾಗ ವಾರ ಅನ್ನೋದು ಬಹಳ ಉದ್ದ ಆಗುತ್ತೆ.

ಸಹಿಯಾ? ಸಹಿ… ನೀವೇ ಹಾಕಿದ್ರಲ್ಲ. ಫೋನಿನ ಅರ್ಜಿಗೆ ಐದಾರು ಕಡೆ ಹಾಕಿದ್ರಿ ನೋಡಿ, ಅದರ ಜೊತೇಲಿ ಒಪ್ಪಿಗೆ ಪತ್ರಾನೂ ಸೇರಿಕೊಂಡಿತ್ತು. ನಿಮಗೆ ಮರೆತಿದೆ. ಹನ್ನೊಂದು ವರ್ಷ ಅಂದ್ರೆ ಸುಮ್ನೇನಾ.

ಆದ್ರೆ ಒಂದು ಮಾತು ಹೇಳ್ಲಾ? ನೀವು ಒಳ್ಳೇ ಡೈರೆಕ್ಟರು. ಮುಖಸ್ತುತಿ ಅಲ್ಲ, ಪುಸ್ತಕದಲ್ಲಿದೆ. ಇದೋ, ಈ ಕೆಂಪು ರಟ್ಟಿನದು. ಇದಕ್ಕೆ ನಡಾವಳಿ ಪುಸ್ತಕ ಅಂತಾರೆ. ಡೈರೆಕ್ಟರುಗಳು ವರ್ಷಕ್ಕೆ ಇಷ್ಟು ಸಲ ಸಭೆ ಸೇರಬೇಕು, ಯಾರು ಏನಂದ್ರು ಅಂತ ಬರೆದಿಡಬೇಕು. ನಿಜವಾಗಿ ಯಾರು ಸೇರ್ತಾರೆ? ಏಣಿ ಅಲ್ಲಿಂದ ಫೋನಲ್ಲಿ ‘ಇಂಥಿಂಥ ನಿರ್ಣಯ ಬೇಕು’ ಅಂತಿದ್ದ. ನಾನು ಇಲ್ಲಿ ಕೂತು ಸಭೆ ಬರೀತಿದ್ದೆ. ಎಲ್ಲ ಆಫೀಸಲ್ಲೂ ಹಾಗೇ. ಅವನು ಮಂಡಿಸಿದ, ನೀವು ಅನುಮೋದಿಸಿದಿರಿ. ಮಂಡಿಸಿದ, ಅನುಮೋದಿಸಿದಿರಿ. ಎರಡು ಸಭೆ ಹಾಗೇ ಆಯ್ತು. ಮೂರನೇದಕ್ಕೆ ನನಗೆ ನಾಚಿಕೆ ಆಯ್ತು. ಎಷ್ಟು ಅಂತ ತಲೆ ಆಡಿಸ್ತಾರೆ ನಮ್ಮ ಭಾವ? ಅವರಿಗೂ ಒಂದು ಅಭಿಪ್ರಾಯ ಅಂತ ಇರಲ್ವಾ? ಅದಕ್ಕೆ ಬರೆದೆ. ಇಲ್ಲಿ ನೋಡಿ: ‘ಸ್ಥಳೀಯ ನಿರ್ದೇಶಕರು, ಎರಡನೇ ಕಾರ್ಖಾನೆಗೆ ಇನ್ನೂ ಕಾಲ ಬಂದಿಲ್ಲವೆಂದೂ, ಇರುವ ಒಂದನ್ನು ಸರಿಯಾಗಿ ನಡೆಸುವುದು ಮೇಲೆಂದೂ ಅಭಿಪ್ರಾಯಪಟ್ಟರು.’

ನಗ್ತಿದ್ದೀರಾ? ಇಲ್ವಾ, ಹಲ್ಲು ಕಚ್ಚಿದ್ದಾ. ಈ ಬೆಳಕಲ್ಲಿ ನನಗೆ ನಕ್ಕ ಹಾಗೆ ಕಾಣಿಸ್ತು.

ಅದನ್ನ ಓದಿ ಏಣಿ ನಿಜವಾಗಲೂ ಎರಡನೇ ಕಾರ್ಖಾನೆ ಕೈಬಿಟ್ಟ! ಆ ವರ್ಷ ಅವನ ಥರದವರು ಇನ್ನಿಬ್ಬರು ಎರಡೆರಡು ಕಾರ್ಖಾನೆ ತೆರೆದು ಮುಳುಗಿದ್ರು. ಆಮೇಲಂತೂ ಅವನಿಗೆ ನಿಮ್ಮ ಮೇಲೆ ಭಾರೀ ಗೌರವ. ‘ಆ ಹಿರಿಯರು ಏನಂತಾರೆ ಕೇಳಿ’ ಅಂತ ಫೋನ್ ಮಾಡೋನು. ನಾನು ಎರಡು ದಿನ ಬಿಟ್ಟು ಹೇಳ್ತಿದ್ದೆ, ನೀವು ಯೋಚನೆ ಮಾಡಿದ ಹಾಗೆ ಇರಲಿ ಅಂತ. ಹದಿನಾಲ್ಕು ಸಭೆ ಭಾವ. ಆಳುಗಳಿಗೆ ಕೂರೋಕೆ ಬೆನ್ನು ಒರಗಿಸೋ ಕುರ್ಚಿ ಕೊಡಿ ಅಂದಿದ್ದು ನೀವೇ. ಒಂದು ಸಲ ಅವನು ನಿಮ್ಮನ್ನ ಕಾಣಬೇಕು ಅಂತ ಹಟ ಹಿಡಿದ. ನಾನು ‘ಅವರಿಗೆ ಮಾತು ಕಮ್ಮಿ, ಜನ ಅಂದ್ರೆ ಹಿಂಜರೀತಾರೆ’ ಅಂದೆ. ಅದು ಸುಳ್ಳಲ್ಲ ನೋಡಿ. ನಿಮ್ಮ ಮನೇಲಿ ಆರು ವರ್ಷ ಇದ್ದು ಓದಿದೋನು ನಾನು. ಆ ಆರು ವರ್ಷದಲ್ಲಿ ನೀವು ನನ್ನ ಹತ್ರ ಆಡಿದ ಮಾತೆಲ್ಲ ಸೇರಿಸಿದ್ರೂ ಈ ಪುಸ್ತಕದ ಒಂದು ಸಭೆ ಆಗಲ್ಲ. ನೀವು ಮಾತಾಡಿದ್ರೆ ಹೇಗಿರುತ್ತೆ ಅಂತ ನಾನೇ… ಸ್ವಲ್ಪ…

ಮುಚ್ಚಿಡ್ತೀನಿ. ಪುಸ್ತಕ ಮುಚ್ಚಿಡ್ತೀನಿ.

ಹಾಗಾದ್ರೆ ಈ ಅನರ್ಹ ಅನ್ನೋದು ಎಲ್ಲಿಂದ ಬಂತು? ಅದೂ ಹೇಳ್ತೀನಿ. ನಾಲ್ಕು ವರ್ಷದ ಹಿಂದೆ ಏಣಿಗೆ ವಯಸ್ಸಾಯ್ತು, ಸಾಕು ಮುಚ್ಚಿಬಿಡಿ ಅಂದ, ಯಂತ್ರ ಮಾರಿ ಹೊರಟುಹೋದ. ಇಲ್ಲೇ ಬಂತು ತೊಡಕು. ಕಂಪನಿ ಹುಟ್ಟಿಸೋಕೆ ಕಾಗದ ಸಾಕು ಭಾವ, ಮುಚ್ಚೋಕೆ ಮನುಷ್ಯ ಬೇಕು. ಡೈರೆಕ್ಟರುಗಳು ಖುದ್ದಾಗಿ ಅಧಿಕಾರಿ ಮುಂದೆ ಹೋಗಿ ನಿಂತು, ‘ಹೌದು, ನಾನೇ, ಮುಚ್ಚೋಕೆ ಒಪ್ಪಿದ್ದೀನಿ’ ಅನ್ನಬೇಕು. ಏಣಿ ಬಂದು ಅಂದುಬಿಟ್ಟು ಹೋದ. ಉಳಿದೋರು ನೀವು. ನಿಮ್ಮನ್ನ ಏನಂತ ಹೇಳಿ ಕರ್ಕೊಂಡು ಹೋಗಲಿ? ಎರಡು ಸಲ ಅಂಗಡಿ ತನಕ ಬಂದಿದ್ದೆ. ಒಂದು ಸಲ ನೀವು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಏನೋ ಸಣ್ಣ ಸ್ಕ್ರೂ ಹಿಡಿದಿದ್ರಿ, ಕೈ ಅಲುಗಬಾರದು ಅಂತ ಮಾತಾಡಿಸಲಿಲ್ಲ. ಇನ್ನೊಂದು ಸಲ… ಇನ್ನೊಂದು ಸಲ ಬಿಡುವಾಗೇ ಕೂತಿದ್ರಿ. ಆದ್ರೂ ಮಾತಾಡಿಸಲಿಲ್ಲ. ಹಾಗೆ ಕಂಪನಿ ಮುಚ್ಚಲೂ ಇಲ್ಲ, ನಡೀಲೂ ಇಲ್ಲ. ವರದಿ ಹೋಗಲಿಲ್ಲ. ಒಂದು ವರ್ಷ, ಎರಡು ವರ್ಷ, ಮೂರು. ಮೂರಾದ ಕೂಡ್ಲೇ ಡೈರೆಕ್ಟರುಗಳೆಲ್ಲ ಐದು ವರ್ಷ ಅನರ್ಹರು. ಯಂತ್ರದ ಹಾಗೆ ಬೀಳುತ್ತೆ ಅದು, ಯಾರೂ ಮುಖ ನೋಡಿ ಬೀಳಿಸಲ್ಲ.

ಅನರ್ಹರಾದ್ರೆ ಏನಂತೆ, ನಮ್ಮ ಭಾವ ಯಾವ ಕಂಪನಿ ತೆರೀತಾರೆ ಅಂದುಕೊಂಡೆ. ಅಂಗಡಿ ಇದೆ, ಭೂತಗನ್ನಡಿ ಇದೆ, ಸಾಕು. ನಿಮ್ಮ ಬಗ್ಗೆ ಹಾಗೆ ಅಂದುಕೊಂಡೆ ನಾನು.

ಈಗ ಪರಿಹಾರ. ಪರಿಹಾರ ಇಲ್ಲ ಅಂತ ತಿಳೀಬೇಡಿ. ಬೆಳಿಗ್ಗೇನೇ ಟೈಪ್ ಮಾಡಿಟ್ಟಿದ್ದೀನಿ. ಇದು ರಾಜೀನಾಮೆ ಪತ್ರ, ನಿಮ್ಮದು. ‘ವೈಯಕ್ತಿಕ ಕಾರಣಗಳಿಂದ ನಿರ್ದೇಶಕ ಸ್ಥಾನಕ್ಕೆ ರಾಜೀನಾಮೆ ನೀಡುತ್ತಿದ್ದೇನೆ, ಇಷ್ಟು ದಿನ ನೀಡಿದ ಸಹಕಾರಕ್ಕೆ ಕೃತಜ್ಞನಾಗಿದ್ದೇನೆ.’ ತಾರೀಕು ನಾಲ್ಕು ವರ್ಷದ ಹಿಂದಿನದು. ತಾರೀಕು ಹಳೇದು, ಕಾಗದ ಹೊಸದು, ಅದಕ್ಕೆ ಒಂಬತ್ತು ಗಂಟೆಯಿಂದ ಕಿಟಕಿ ಹತ್ರ ಬಿಸಿಲಿಗೆ ಇಟ್ಟಿದ್ದೆ. ಸ್ವಲ್ಪ ಹಳದಿ ಆಗಿದೆ, ನೋಡಿ, ಈ ಅಂಚು. ಇಲ್ಲಿ ನಿಮ್ಮ ಸಹಿ. ವರದಿ ತಪ್ಪೋ ಮೊದಲೇ ನೀವು ಬಿಟ್ಟಿದ್ರಿ ಅಂತಾಗುತ್ತೆ. ಇದನ್ನಿಟ್ಟು ಮೇಲ್ಮನವಿ ಹಾಕಿದ್ರೆ ಹೆಚ್ಚು ಅಂದ್ರೆ ಒಂದೂವರೆ ವರ್ಷದಲ್ಲಿ ನಿಮ್ಮ ಹೆಸರು ಚೊಕ್ಕಟ.

ನಾಡಿದ್ದು… ಹೌದು, ನಾಡಿದ್ದು ಬರ್ತಾರೆ. ಗೊತ್ತು. ಒಂದೂವರೆ ವರ್ಷ ಕಾಯಿರಿ ಅಂತ ಅವರಿಗೆ ಒಂದು ಒಳ್ಳೇ ಪತ್ರ ಬರೆದುಕೊಡ್ತೀನಿ. ಕಾಯಲ್ಲ ಅಂತೀರಾ? ಕಾಯಲ್ಲ. ಹಾಂ. ಡೀಲರಿಗೆ ಕೊಡ್ತಾರೆ.

ಪೆನ್ನು ತಗೊಳ್ಳಿ ಭಾವ. ಇದು ಬೇಡ್ವಾ? ಇನ್ನೊಂದಿದೆ, ನೀಲಿ. ಆಗಿನ ಕಾಲಕ್ಕೆ ನೀಲಿ ಅಂತಾನೇ ಇತ್ತು. ಯಾಕೆ ಕೈ ಜೇಬಲ್ಲಿ ಇಟ್ಕೊಂಡ್ರಿ? ಓದಬೇಕಾ? ಓದಿ, ಓದಿ. ನೀವು ಓದದೆ ಯಾವುದಕ್ಕೂ ಸಹಿ ಹಾಕಿದೋರಲ್ಲ. ಲಿಫ್ಟಲ್ಲಿ ಅಂಟಿಸಿರೋ ಸೂಚನೆ ಓದಿ ಮುಗಿಸೋ ತನಕ ಗುಂಡಿ ಒತ್ತೋರಲ್ಲ. ಅಂಥದ್ದರಲ್ಲಿ ಒಪ್ಪಿಗೆ ಪತ್ರ ಓದದೆ…

ಅಲ್ಲ, ಆವತ್ತು ಅವಸರದಲ್ಲಿ ಇದ್ರಿ.

ಇರಲಿಲ್ವಾ.

ಏನಾದ್ರೂ ಅನ್ನಿ ಭಾವ. ಬೈಯಿರಿ. ಉಂಡ ಮನೆ ಜಂತೆ ಎಣಿಸಿದೆ ಅನ್ನಿ. ಎದುರಿಗಿರೋರು ಸುಮ್ಮನಿದ್ರೆ ನನಗೆ ತಡ್ಕೊಳ್ಳೋಕೆ ಆಗಲ್ಲ, ಅವರ ಮಾತು ನಾನೇ ಬರೆಯೋಕೆ ಶುರು ಮಾಡ್ತೀನಿ. ಈಗ ನೀವು ಸುಮ್ಮನೆ ಆ ಕಾಗದದ ಜೊತೆ ಬಂದ ಒಪ್ಪಿಗೆ ಪತ್ರದ ನಕಲಿನ ಕೆಳಗಿನ ಸಹಿ ನೋಡ್ತಿದ್ದೀರಿ, ಅಷ್ಟೇ. ನನಗೆ ಮಾತ್ರ ‘ಇದು ನನ್ನ ಸಹಿಯೇನೋ?’ ಅಂದ ಹಾಗೆ ಕೇಳಿಸ್ತಿದೆ.

ಅಲ್ಲ.

ನಿಮ್ಮದಲ್ಲ. ನಾನು ಹಾಕಿದ್ದು. ಫೋನಿನ ಅರ್ಜಿ ಪಕ್ಕದಲ್ಲಿ ಇಟ್ಕೊಂಡು, ರದ್ದಿ ಕಾಗದದ ಮೇಲೆ ಮಧ್ಯಾಹ್ನ ಪೂರ್ತಿ ಅಭ್ಯಾಸ ಮಾಡಿ ಹಾಕಿದ್ದು. ಒಪ್ಪಿಗೆ ಪತ್ರ, ಹದಿನಾಲ್ಕು ಸಭೆ, ವರ್ಷಕ್ಕೊಂದು ಹಾಜರಿ. ಎಲ್ಲ ನಾನೇ. ಮೊದಮೊದಲು ಸೊಟ್ಟ ಬರ್ತಿತ್ತು, ಆಮೇಲೆ ನನ್ನ ಸ್ವಂತ ಸಹಿಗಿಂತ ಅದೇ ಚೆನ್ನಾಗಿ ಬರ್ತಿತ್ತು.

ನೀವು ಈ ರಾಜೀನಾಮೆಗೆ ಸಹಿ ಹಾಕಿದ್ರೆ… ಬಿಡಿಸಿ ಹೇಳ್ಲಾ? ಇದನ್ನಂತೂ ಬಿಡಿಸಿ ಹೇಳಲೇಬೇಕು. ಡೈರೆಕ್ಟರ್ ಆಗಿದ್ದೋರು ತಾನೇ ರಾಜೀನಾಮೆ ಕೊಡೋದು? ಇದಕ್ಕೆ ಸಹಿ ಹಾಕಿದ್ರೆ ನೀವು ಆಗಿದ್ರಿ ಅಂತ ನೀವೇ ಒಪ್ಪಿದ ಹಾಗೆ. ಹಿಂದಿನ ಸಹಿಗಳೆಲ್ಲ ನಿಮ್ಮವೇ ಅಂತ ಆಗುತ್ತೆ. ಇದು ನಿಮ್ಮನ್ನ ಉಳಿಸೋ ಕಾಗದ ಅಲ್ಲ ಭಾವ. ನನ್ನನ್ನ ಉಳಿಸೋದು.

ಇನ್ನೊಂದು ದಾರಿ ಇದೆ. ಬೆಳಿಗ್ಗೆ ಒಂಬತ್ತು ಗಂಟೆಯಿಂದ ನನಗೆ ಗೊತ್ತು. ನೀವು ನೋಂದಣಿ ಕಚೇರಿಗೆ ಒಂದು ದೂರು ಕೊಡಬೇಕು: ನಾನು ಯಾವತ್ತೂ ಒಪ್ಪಿಲ್ಲ, ಸಹಿ ನನ್ನದಲ್ಲ ಅಂತ. ಬರೀ ದೂರು ಕೊಟ್ರೆ ತನಿಖೆ, ಅದು ಇದು ಅಂತ ಎಳೀತಾರೆ. ಆದ್ರೆ ಖೋಟಾ ಸಹಿ ಹಾಕಿದೋನೇ ಒಪ್ಪಿಕೊಂಡ ಹೇಳಿಕೆ ಜೊತೇಲಿ ಲಗತ್ತಿಸಿದ್ರೆ ಆವತ್ತೇ ಅನರ್ಹತೆಗೆ ತಡೆ ಕೊಡ್ತಾರೆ. ಸಂಜೆ ಐದರ ತನಕ ಅಲ್ಲಿ ದೂರು ತಗೊಳ್ಳೋ ಕಿಟಕಿ ತೆರೆದಿರುತ್ತೆ. ತಡೆ ಆದೇಶದ ಮೊಹರು ಬಿದ್ದ ಪ್ರತಿ ಇದ್ರೆ ನಾಡಿದ್ದು ನೀವು ಅವರ ಮುಂದೆ ಕೂತು ಸಹಿ ಹಾಕಬಹುದು.

ಸಾಕ್ಷಿ ಬೇಕು ಅಂದ್ರೆ ಅದೂ ಇದೆ. ಒಂಬತ್ತನೇ ಸಭೆ. ಬೆಳಿಗ್ಗೆ ಹನ್ನೊಂದಕ್ಕೆ ಶುರು, ನೀವು ಹಾಜರು. ಆವತ್ತು ಹತ್ತೂವರೆಯಿಂದ ಒಂದು ಗಂಟೆ ತನಕ ನಿಮಗೆ ಪಿತ್ತಕೋಶದ ಆಪರೇಷನ್. ನಾನೂ ಅಕ್ಕನೂ ಹೊರಗಡೆ ಬೆಂಚಿನ ಮೇಲೆ ಕೂತಿದ್ವಿ. ಅವಳು ಅಳ್ತಿದ್ದಳು. ನಾನು ತೊಡೆ ಮೇಲೆ ಈ ಪುಸ್ತಕ ಇಟ್ಕೊಂಡು ಬರೀತಿದ್ದೆ. ನೀವು ಒಳಗೆ ಎಚ್ಚರ ತಪ್ಪಿ ಮಲಗಿದ್ರಿ, ಹೊರಗೆ ಬ್ಯಾಂಕ್ ಖಾತೆ ಬದಲಾಯಿಸೋ ನಿರ್ಣಯ ಅನುಮೋದಿಸ್ತಿದ್ರಿ. ‘ಇಂಥ ಹೊತ್ತಲ್ಲೂ ಆಫೀಸ್ ಕೆಲಸವೇನೋ?’ ಅಂದಳು ಅಕ್ಕ. ‘ನಿನಗೆ ಗೊತ್ತಾಗಲ್ಲ ಬಿಡೇ’ ಅಂದೆ. ಆಸ್ಪತ್ರೆ ಚೀಟಿ ನಿಮ್ಮ ಹತ್ರ ಇರುತ್ತೆ, ನೀವು ಯಾವ ಚೀಟೀನೂ ಬಿಸಾಡೋರಲ್ಲ.

ದೂರು ಕೊಟ್ರೆ ನನ್ನ ಕೆಲಸ ಇವತ್ತೇ ಹೋಗುತ್ತೆ. ಪೊಲೀಸು, ಕೋರ್ಟು, ಆಮೇಲೆ ಏನೇನೋ. ಎಷ್ಟು ವರ್ಷ ಅಂತ ನನಗೆ ಗೊತ್ತು, ಅದೊಂದನ್ನ ಬಿಡಿಸಿ ಹೇಳಲ್ಲ.

ಸ್ವಲ್ಪ ಇರಿ, ಗಾಳಿ ಬೇಕು. ಕಿಟಕಿ…

ಭಾವ, ಕೆಳಗೆ ಬಸ್ ಸ್ಟಾಪಲ್ಲಿ ಅಕ್ಕ ನಿಂತಿದ್ದಾಳೆ.

ಯಾವಾಗಿಂದ? ನಿಮ್ಮ ಜೊತೇನೇ ಬಂದಳಾ? ಮೇಲೆ ಯಾಕೆ ಬರಲಿಲ್ಲ? ಬಸ್ಸು ಬಂತು, ಹತ್ತಲಿಲ್ಲ. ಮೇಲೆ ನೋಡ್ತಾನೂ ಇಲ್ಲ. ಆಸ್ಪತ್ರೆ ಚೀಟಿ ಅಂದಾಗ ನೀವು ಹುಬ್ಬು ಸಹ ಎತ್ತಲಿಲ್ಲ. ಆವತ್ತು ಬೆಂಚಿನ ಮೇಲೆ ನಾನು ಬರೀತಿದ್ದದ್ದು ಏನು ಅಂತ ಅವಳಿಗೆ ಗೊತ್ತಾಗಿದೆ, ಅಲ್ವಾ? ನಿಮಗೂ ಗೊತ್ತಿತ್ತು. ಎರಡನೇ ದಾರೀನೂ ಗೊತ್ತಿತ್ತು. ಬೇರೆ ವಕೀಲರನ್ನ ಕೇಳಿಕೊಂಡೇ ಬಂದಿದ್ದೀರಿ. ‘ನೀವು ಏನೂ ಕೇಳಬೇಡಿ, ಸುಮ್ಮನೆ ಕೂತಿರಿ, ಅವನಾಗಿ ಹೇಳ್ತಾನೋ ಇಲ್ಲವೋ ನೋಡೋಣ’ ಅಂದಳಾ ಅಕ್ಕ?

ಅಂದಿರ್ತಾಳೆ.

ಹೇಳಿಕೆ ಬರೀತೀನಿ. ಟೈಪ್ ಬೇಡ, ಇಂಥದ್ದು ಸ್ವಂತ ಕೈಬರಹದಲ್ಲಿ ಇರಬೇಕು. ‘ಈ ಕೆಳಗೆ ಸಹಿ ಮಾಡಿರುವ ನಾನು, ನನ್ನ ಅಕ್ಕನ ಗಂಡನ ಕಾಗದಪತ್ರಗಳನ್ನು ಅವರಿಗೆ ತಿಳಿಸದೆ ಬಳಸಿಕೊಂಡು, ಅವರ ಸಹಿಯನ್ನು ನಾನೇ ಮಾಡಿರುತ್ತೇನೆ. ಅವರು ಸದರಿ ಕಂಪನಿಯ ಯಾವ ಸಭೆಗೂ ಬಂದಿರುವುದಿಲ್ಲ. ಅವರು ಆಡಿದರೆಂದು ಬರೆದಿರುವ ಯಾವ ಮಾತನ್ನೂ ಅವರು ಆಡಿರುವುದಿಲ್ಲ.’ ಇಷ್ಟು ಸಾಕು. ಇನ್ನೂ ಬಿಡಿಸೋದು ಬೇಡ. ಇದು ನನ್ನ ಸಹಿ. ನೋಡಿ, ಎಷ್ಟು ಕೆಟ್ಟದಾಗಿ ಬಂತು.

ಇದೋ, ದೂರೂ ಬರೆದೆ, ಇದರ ಮೇಲೆ ನಿಮ್ಮ ಸಹಿ ಬೇಕು. ಇಲ್ಲಿ. ನಿಧಾನವಾಗಿ ಓದಿ ಹಾಕಿ ಭಾವ.

ನಾನು ಆ ಕಡೆ ತಿರುಗಿ ನಿಂತಿರ್ತೀನಿ.